ಪಂಪು ಮನೆಯ ಕಿವಿಯಕ್ಕ

ಹಂಚಿನ ಕಾರ್ಖಾನೆಯಲ್ಲಿ ಅವಳ ಅಸಲಿ ಹೆಸರು ಗೊತ್ತಿದ್ದದ್ದು ಸಂಬಳದ ಗುಮಾಸ್ತನೊಬ್ಬನಿಗೆ ಮಾತ್ರ. ಉಳಿದವರ ಬಾಯಲ್ಲಿ ಅವಳು ಕಿವಿಯಕ್ಕ. ಪಂಪು ಮನೆಯ ಹೊರಗೆ ನಿಂತು ಟೀ ಕುಡಿಯುತ್ತಿದ್ದರೂ ಗೋಡೆಯಾಚೆಯ ಸದ್ದಿನಲ್ಲಿ ಒಂದೆಳೆ ಹೆಚ್ಚುಕಮ್ಮಿಯಾದರೆ ಸಾಕು, ಲೋಟ ಕೆಳಗಿಟ್ಟು ಒಳಗೆ ಓಡುತ್ತಿದ್ದಳು. ಬೇರಿಂಗಿಗೆ ಗ್ರೀಸು ಸಾಲದೆಂದೋ, ಪೈಪಿನ ಜೋಡಣೆಯಲ್ಲಿ ಗಾಳಿ ನುಸುಳುತ್ತಿದೆಯೆಂದೋ ಅವಳು ಅಂದರೆ ಫಿಟ್ಟರ್ ಸ್ಪ್ಯಾನರ್ ಎತ್ತಿಕೊಂಡು ಬರುತ್ತಿದ್ದ, ಮರುಮಾತು ಆಡುತ್ತಿರಲಿಲ್ಲ. ಅಂಥವಳ ಕಿವಿ ಮಂದವಾಗುತ್ತಿದೆ ಎಂದು ಮೊದಲು ಸಾರಿದ್ದು ಯಾವ ಡಾಕ್ಟರೂ ಅಲ್ಲ, ಅವಳದೇ ಅಡುಗೆಮನೆಯ ಕುಕ್ಕರು.

"ಅಮ್ಮಾ, ಅದು ಕೂಗಿ ಕೂಗಿ ಗಂಟಲು ಹರ್ಕೊಂಡಿದೆ. ನೀನು ಪಕ್ಕದಲ್ಲೇ ನಿಂತಿದೀಯಲ್ಲ!" ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಮಗಳು ಎದ್ದು ಬಂದು ಒಲೆ ಆರಿಸಿದಳು.

"ಕೇಳಿಸ್ತು ಕಣೆ. ಇನ್ನೊಂದು ಸಲ ಕೂಗ್ಲಿ ಅಂತ ಬಿಟ್ಟಿದ್ದೆ."

"ಇನ್ನೊಂದು ಸಲ ಕೂಗಿದ್ರೆ ಕಾಳಲ್ಲ, ಮಸಿ ಬಡಿಸ್ಬೇಕಾಗ್ತಿತ್ತು."

ಕೇಳಿಸಿರಲಿಲ್ಲ. ಆದರೆ ಒಪ್ಪಿಕೊಳ್ಳುವ ಪೈಕಿಯವಳೇ ಅಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕಿವಿಯಕ್ಕ ಮರುದಿನವೇ ಅಂಗಡಿಗೆ ಹೋಗಿ ಕುಕ್ಕರಿಗೆ ಹೊಸ ಸೀಟಿ ತಂದಳು. ಅದೂ ಕೇಳಿಸಲಿಲ್ಲ.

ಆ ಕಾರ್ಖಾನೆಯಲ್ಲಿ ಮಣ್ಣನ್ನು ಅರೆದು, ನಾದಿ, ಅಚ್ಚಿಗೊತ್ತಿ, ಸುಟ್ಟು ಹಂಚು ಮಾಡುತ್ತಾರೆ. ನಾದಿದ ಮಣ್ಣಿನೊಳಗೆ ಗಾಳಿ ಉಳಿದರೆ ಭಟ್ಟಿಯ ಬಿಸಿಗೆ ಹಂಚು ಸೀಳುತ್ತದೆ. ಅದಕ್ಕೆ ನಾದುವ ಯಂತ್ರದ ಹೊಟ್ಟೆಯಿಂದ ಗಾಳಿಯನ್ನೆಲ್ಲ ಹೀರಿ ತೆಗೆಯಲು ಒಂದು ವ್ಯಾಕ್ಯೂಮ್ ಪಂಪು. ಎಮ್ಮೆ ಗಾತ್ರದ ಆ ಕಬ್ಬಿಣದೊಳಗೆ ಕೆಲಸ ಮಾಡುವುದು ನೀರು. ಅಲಗುಗಳು ತಿರುಗಿದಂತೆ ನೀರು ಒಳಗೋಡೆಗೆ ಅಂಟಿಕೊಂಡು ಬಳೆಯ ಹಾಗೆ ಸುತ್ತುತ್ತದೆ, ಸುತ್ತುತ್ತಲೇ ಗಾಳಿಯನ್ನು ಹಿಡಿದು ಹೊರಗೆ ದಬ್ಬುತ್ತದೆ. ಆ ನೀರು ತಣ್ಣಗಿರಬೇಕು, ನಿಲ್ಲದೆ ಹರಿಯುತ್ತಿರಬೇಕು. ಬಿಸಿಯಾಯಿತೋ, ಗಾಳಿಯಿಲ್ಲದ ಆ ಹೊಟ್ಟೆಯೊಳಗೆ ಅದು ಕುದಿಯಲು ಶುರುಮಾಡುತ್ತದೆ. ಗುಳ್ಳೆಗಳು ಒಡೆಯುವ ಪೆಟ್ಟಿಗೆ ಕಬ್ಬಿಣದಲ್ಲೂ ಗುಳಿ ಬೀಳುತ್ತದೆ. ಆಗ ಪಟಪಟ, ಕರಕರ ಎಂದು ಒಂದು ಸದ್ದು ಹೊರಡುತ್ತದೆ. ಪಂಪು ಕಲ್ಲು ಅಗಿಯುತ್ತಿದೆ ಎನ್ನುತ್ತಾರೆ ಅದಕ್ಕೆ.

ಈ ವಿದ್ಯೆಯನ್ನೆಲ್ಲ ಅವಳಿಗೆ ಕಲಿಸಿದವನು ಅವಳ ಸೋದರಮಾವ, ಅವಳಿಗಿಂತ ಮುಂಚೆ ಅದೇ ಪಂಪು ನಡೆಸಿ ನಿವೃತ್ತನಾದವನು. ಅಪ್ಪ ಸತ್ತ ಮೇಲೆ ಅವಳನ್ನು ಮನೆಗೆ ಕರೆತಂದು ಸಾಕಿದವನೂ ಅವನೇ, ಗಂಡ ಬಿಟ್ಟುಹೋದಾಗ "ಹೋಗ್ಲಿ ಬಿಡು, ಪೀಡೆ ತೊಲಗ್ತು" ಎಂದು ಪಂಪು ಮನೆಗೆ ಸೇರಿಸಿದವನೂ ಅವನೇ. ಹೆಂಗಸಿಗೆ ಮಿಷನ್ ಯಾಕೆ ಎಂದವರ ಮೇಲೆಲ್ಲ ಅವನು ತಿರುಗಿಬಿದ್ದಿದ್ದ. ಅವನ ಪಾಠ ಒಂದೇ ಸಾಲಿನದು: "ಮೀಟರ್ ನೋಡೋನು ಕೂಲಿಯವನು, ಸದ್ದು ಕೇಳೋನು ಪಂಪಿನವನು." ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಕಾರ್ಖಾನೆ ಕೊಟ್ಟಿದ್ದ ಕಿವಿ ಮುಚ್ಚುವ ದಪ್ಪ ಮುಚ್ಚಳಗಳು ಬಾಗಿಲ ಪಕ್ಕದ ಮೊಳೆಗೆ ನೇತುಬಿದ್ದು ಜೇಡರ ಸಂಸಾರಕ್ಕೆ ಆಸರೆಯಾಗಿದ್ದವು. ಅವನ್ನು ಹಾಕಿಕೊಳ್ಳುತ್ತಿದ್ದವರು ಕಾರ್ಖಾನೆ ನೋಡಲು ಬಂದ ನೆಂಟರಿಷ್ಟರು ಮಾತ್ರ. ಪಂಪಿನವರು ಕಿವಿ ಮುಚ್ಚಿಕೊಳ್ಳುವುದೆಂದರೆ ಮೂಗು ಕಟ್ಟಿಕೊಂಡು ಅಡುಗೆ ಮಾಡಿದ ಹಾಗೆ ಎಂದು ಮಾವ ನಗುತ್ತಿದ್ದ. ಕೇಳಲು ಎಷ್ಟು ಚಂದದ ಮಾತೋ ಅಷ್ಟೇ ಪೆದ್ದು ಮಾತು. ಆದರೆ ಪ್ರೀತಿಸುವವರು ಹೇಳಿದರೆ ಪೆದ್ದು ಮಾತೂ ವೇದವಾಗುತ್ತದೆ.

ಹಾಗೆಂದು ಕಿವಿಯಕ್ಕ ಅಡ್ಡಾದಿಡ್ಡಿ ಕೆಲಸದವಳಲ್ಲ. ನೀರು ಬಿಡದೆ ಗುಂಡಿ ಒತ್ತುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿ. ರಿಪೇರಿಗೆ ಪಂಪು ಬಿಚ್ಚಿದರೆ ಸ್ವಿಚ್ಚಿನ ಪೆಟ್ಟಿಗೆಗೆ ತನ್ನದೇ ಬೀಗ ಜಡಿದು ಕೀಲಿಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಒಳಗೆ ಫಿಟ್ಟರ್ ಕೈ ಹಾಕಿರುವಾಗ ಯಾರೋ ಪುಣ್ಯಾತ್ಮ ಬಂದು ಚಾಲೂ ಮಾಡಬಾರದಲ್ಲ. ಮೋಟರು ಪಂಪಿಗೆ ಕೂಡುವಲ್ಲಿ ತಿರುಗುವ ಭಾಗದ ಮೇಲೊಂದು ಜಾಲರಿ ಇತ್ತು. ಅದನ್ನು ತೆಗೆದಿಟ್ಟಿದ್ದಾಗ ಹಳೆಯ ಮ್ಯಾನೇಜರೊಬ್ಬ, "ಐದು ನಿಮಿಷ ಹಾಗೇ ಓಡ್ಸಮ್ಮ, ಏನಾಗತ್ತೆ?" ಎಂದಿದ್ದ. "ಐದು ನಿಮಿಷ ನಿಮ್ಮ ಕೈ ಅಲ್ಲಿಡಿ ಸಾರ್, ಓಡಿಸ್ತೀನಿ" ಎಂದಿದ್ದಳು. ಮ್ಯಾನೇಜರ್ ಕೈಯನ್ನು ಪ್ಯಾಂಟಿನ ಜೇಬಿಗೆ ಇಳಿಸಿ ಹೊರಟುಹೋದ. ಇಷ್ಟೆಲ್ಲ ಕಾಯುತ್ತಿದ್ದವಳು, ಆ ಕೋಣೆಯಲ್ಲಿ ಜಾಲರಿಯಿಲ್ಲದೆ ಬಿಟ್ಟಿದ್ದು ತನ್ನ ಎರಡು ಕಿವಿಗಳನ್ನೇ.

ಸಿಕ್ಕಿಬಿದ್ದದ್ದು ಒಂದು ಮಧ್ಯಾಹ್ನ. ಪಂಪಿಗೆ ಬರುವ ನೀರಿನ ಜರಡಿಯಲ್ಲಿ ಮಣ್ಣು ಕಟ್ಟಿ, ನೀರು ಸಣ್ಣಗಾಗಿ, ಪಂಪು ಕಾಯತೊಡಗಿತ್ತು. ಕಿವಿಯಕ್ಕ ಸ್ಟೂಲಿನ ಮೇಲೆ ಕೂತು ಎಂದಿನ ಗುಂಯ್ ಸದ್ದನ್ನು ಕೇಳುತ್ತಾ ಆರಾಮಾಗಿದ್ದಳು. ಭಟ್ಟಿಗೆ ಬೆಂಕಿ ಹಾಕುವವನು ಬೀಡಿ ಹಚ್ಚಲು ಆ ಕಡೆ ಬಂದವನು ಬಾಗಿಲಲ್ಲೇ ನಿಂತು ಕಿರುಚಿದ.

"ಕಿವಿಯಕ್ಕಾ! ನಿನ್ನ ಪಂಪು ಕಲ್ಲು ಅಗೀತಿದೆ!"

ಅವಳು ನಂಬಲಿಲ್ಲ. ವ್ಯಾಕ್ಯೂಮ್ ಮೀಟರಿನ ಮುಳ್ಳಿನ ಕಡೆ ನೋಡಿದಳು, ಅದು ಜ್ವರ ಬಂದವರ ಹಾಗೆ ನಡುಗುತ್ತಿತ್ತು. ಹೊರಹೋಗುವ ನೀರಿನ ಪೈಪು ಮುಟ್ಟಿದಳು, ಸುಟ್ಟಿತು. ಮತ್ತೇನೂ ಯೋಚಿಸದೆ ಗಾಳಿ ಬಿಡುವ ಸಣ್ಣ ಕವಾಟ ತೆರೆದು ಕೆಂಪು ಗುಂಡಿ ಒತ್ತಿ ಪಂಪು ನಿಲ್ಲಿಸಿದಳು. ಬಿಚ್ಚಿ ನೋಡಿದಾಗ ಅಲಗುಗಳ ಮೇಲೆ ಸಿಡುಬಿನ ಕಲೆಗಳಂತೆ ಗುಳಿಗಳು. ಕಾರ್ಖಾನೆಯ ಮೂಲೆಮೂಲೆಗೂ ಸುದ್ದಿ ಹೋಯಿತು: ಬೆಂಕಿಯವನಿಗೆ ಕೇಳಿಸಿದ್ದು ಕಿವಿಯಕ್ಕನಿಗೆ ಕೇಳಿಸಲಿಲ್ಲವಂತೆ.

ಡಾಕ್ಟರು ಯಂತ್ರ ಇಟ್ಟು ಪರೀಕ್ಷೆ ಮಾಡಿ ಹೇಳಿದರು. ದಪ್ಪ ಸದ್ದುಗಳು ಇನ್ನೂ ಉಳಿದಿವೆ, ಚೂಪು ಸದ್ದುಗಳು ಹೋಗಿವೆ, ಹೋದವು ತಿರುಗಿ ಬರುವುದಿಲ್ಲ. ಪಂಪಿನ ಗುಂಯ್ ಕೇಳುತ್ತದೆ, ಕಲ್ಲು ಅಗಿಯುವ ಕರಕರ ಕೇಳುವುದಿಲ್ಲ. ಅಂದರೆ ಯಾವುದನ್ನು ಕೇಳಲೆಂದು ಕಿವಿ ತೆರೆದಿಟ್ಟಿದ್ದಳೋ ಅದನ್ನೇ ಕಳೆದುಕೊಂಡಿದ್ದಳು. ಮನೆಗೆ ಬಂದು ಅವಳು ಅಳಲಿಲ್ಲ, ಪಾತ್ರೆಗಳನ್ನು ದಡಬಡ ಎಂದು ತೊಳೆದಳು. ಅವಳಿಗೆ ಬಂದಿದ್ದು ಸಿಟ್ಟು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಹೊಸ ಮ್ಯಾನೇಜರ್ ಕೆಟ್ಟವನಲ್ಲ, ತಲೆನೋವು ಬೇಡವೆನ್ನುವ ಜಾತಿಯವನು. ಅವಳನ್ನು ಕರೆಸಿ ನಯವಾಗಿ ಮಾತಾಡಿದ.

"ನಿಮ್ಮನ್ನ ತೆಗೆದುಹಾಕ್ತಿಲ್ಲಮ್ಮ. ಹಂಚು ತಟ್ಟೋ ಬೆಂಚಿಗೆ ಹಾಕ್ತಿದೀನಿ. ನೆರಳಲ್ಲಿ ಕೂತು ಮಾಡೋ ಕೆಲಸ. ಪಂಪಿಗೆ ಸದ್ಯಕ್ಕೆ ನಿಮ್ಮ ಮಾವನ್ನೇ ಕರೆಸ್ತೀವಿ. ಅವರ ಕಿವಿ ಅಂದ್ರೆ ಕಿವಿ ಅಂತಾರೆ ಎಲ್ಲರೂ."

ಹಂಚು ತಟ್ಟುವ ಬೆಂಚಿನಲ್ಲಿ ಮಾಡುವ ಕೆಲಸ ಇಷ್ಟು: ಭಟ್ಟಿಯಿಂದ ಬಂದ ಹಂಚನ್ನು ಮರದ ಸುತ್ತಿಗೆಯಿಂದ ತಟ್ಟಿ ಕೇಳುವುದು. ಗಟ್ಟಿಯಿದ್ದರೆ ಠಣ್ ಅನ್ನುತ್ತದೆ, ಬಿರುಕಿದ್ದರೆ ಡಬ್ ಅನ್ನುತ್ತದೆ.

"ಸಾರ್," ಎಂದಳು ಕಿವಿಯಕ್ಕ, "ಕಿವಿ ಸರಿಯಿಲ್ಲ ಅಂತ ತೆಗೆದೋಳನ್ನ ಸದ್ದು ಕೇಳೋ ಬೆಂಚಿಗೆ ಹಾಕೋ ಬುದ್ಧಿ ನಿಮ್ಮದೇನಾ, ಇಲ್ಲ ಮೇಲಿಂದ ಬಂತಾ?"

ಮ್ಯಾನೇಜರ್ ಮುಖ ಕೆಂಪಗಾಯಿತು. ಬಾಗಿಲಲ್ಲಿ ನಿಂತಿದ್ದ ಫಿಟ್ಟರ್ ನಗು ತಡೆಯಲಾರದೆ ಕೆಮ್ಮಿದ. "ಹಾಗಾದ್ರೆ ಬೇರೆ ಕಡೆ ನೋಡೋಣ" ಎಂದ ಮ್ಯಾನೇಜರ್.

"ಬೇರೆ ಕಡೆ ಬೇಡ. ನನಗೆ ನನ್ನ ಪಂಪೇ ಬೇಕು."

ಹಟ ಎನ್ನಿ, ಸೊಕ್ಕು ಎನ್ನಿ. ಆ ಕೋಣೆಯೊಳಗೆ ಅವಳು ಯಾರಿಗೂ ತಲೆ ಬಾಗಿಸಬೇಕಾಗಿರಲಿಲ್ಲ. ಗಂಡ ಬಿಟ್ಟವಳು, ಮಾವನ ಮನೆಯ ಅನ್ನ ತಿಂದವಳು ಎಂಬುದೆಲ್ಲ ಹೊಸ್ತಿಲಾಚೆಯ ಮಾತು. ಒಳಗೆ ಅವಳು ಗುಂಡಿ ಒತ್ತಿದರೆ ಕಾರ್ಖಾನೆ ನಡೆಯುತ್ತಿತ್ತು, ಒತ್ತದಿದ್ದರೆ ನಿಲ್ಲುತ್ತಿತ್ತು. ಅದನ್ನು ಬಿಟ್ಟುಕೊಡುವುದು ಅವಳಿಂದ ಆಗದ ಮಾತು. ಪಂಪಿಗೆ ಹೊಸ ಅಲಗು ಕೂರಿಸಿ, ಮಾವ ಬರುವವರೆಗೆ ಕೆಲಸ ನೋಡಿಕೊಳ್ಳಲು ಅವಳಿಗೆ ಬಿಟ್ಟರು. ಇದ್ದ ಸಮಯ ಅಷ್ಟೇ.

ಮೊದಲು ಅವಳು ಮೊಳೆಯ ಮೇಲಿನ ಕಿವಿಮುಚ್ಚಳ ಇಳಿಸಿ, ಜೇಡರನ್ನು ಓಡಿಸಿ, ತಲೆಗೇರಿಸಿದಳು. ಲೋಕವೇ ಹತ್ತಿ ಮೆತ್ತಿದ ಹಾಗಾಯಿತು. ಕಿತ್ತೆಸೆಯಬೇಕೆನಿಸಿತು, ಎಸೆಯಲಿಲ್ಲ. ನೀರಿನ ಪೈಪಿನ ಮೇಲೊಂದು ಉಷ್ಣಮಾಪಕ ಇತ್ತು, ವರ್ಷಗಳಿಂದ ಅದರ ಗಾಜಿನ ಮೇಲೆ ಮಣ್ಣು ಕೂತಿತ್ತು. ಒರೆಸಿದಳು. ಮುಳ್ಳು, ಮೋಟರು ಎಳೆಯುವ ಕರೆಂಟಿನ ಮೀಟರು, ಬೇರಿಂಗಿನ ಬಿಸಿ, ಹೊರಬರುವ ನೀರಿನ ಧಾರೆಯ ದಪ್ಪ, ಅಂಗಾಲಿಗೆ ತಾಗುವ ನೆಲದ ಅದುರು, ಒಂದೊಂದನ್ನೂ ಸುತ್ತಿ ಸುತ್ತಿ ನೋಡಿದಳು. ಜಾಲರಿಯ ಕಡೆ ಕೈ ಚಾಚದೆ, ಅಂಗಿಯ ತೋಳು ಮಡಚಿ, ಹಿಂಗೈಯಿಂದ ಪೈಪು ಮುಟ್ಟುತ್ತಾ ಹೋದಳು. ನೋಡುತ್ತಾ ನೋಡುತ್ತಾ ಅವಳಿಗೆ ಒಂದು ಸಂಗತಿ ಹೊಳೆದು ಮೈ ಉರಿದುಹೋಯಿತು. ನೀರು ಸಣ್ಣಗಾದರೆ ಮೊದಲು ಬರುವುದು ಬಿಸಿ. ಆಮೇಲೆ ಮುಳ್ಳಿನ ನಡುಕ. ಸದ್ದು ಬರುವುದು ಎಲ್ಲಕ್ಕಿಂತ ಕೊನೆಗೆ, ಕಬ್ಬಿಣಕ್ಕೆ ಪೆಟ್ಟು ಬೀಳತೊಡಗಿದ ಮೇಲೆ. ಮನೆಗೆ ಬೆಂಕಿ ಬಿದ್ದ ಮೇಲೆ ಹೊಗೆಯ ವಾಸನೆ ಹಿಡಿದೆನೆಂದು ಮೀಸೆ ತಿರುವಿದ ಹಾಗೆ, ಅವಳೂ ಮಾವನೂ ಇಷ್ಟು ವರ್ಷ ಮೆರೆದಿದ್ದರು.

ಮಾವ ಕೆಲಸಕ್ಕೆ ಬಂದ ಬೆಳಿಗ್ಗೆ ಅವಳು ಮ್ಯಾನೇಜರನ್ನು ಪಂಪು ಮನೆಗೇ ಕರೆಸಿದಳು.

"ಒಂದು ಪಂಥ ಸಾರ್. ಫಿಟ್ಟರ್ ಗೋಡೆ ಹಿಂದೆ ನಿಂತು ನೀರಿನ ಕವಾಟ ಸ್ವಲ್ಪ ಸ್ವಲ್ಪ ತಿರುಗಿಸ್ಲಿ. ಮಾವ ಕಿವಿಯಿಂದ ಕಂಡುಹಿಡೀಲಿ. ನಾನು ಕಿವಿ ಮುಚ್ಕೊಂಡು ಕಂಡುಹಿಡೀತೀನಿ. ಮೊದಲು ಯಾರು ಹೇಳ್ತಾರೋ ಪಂಪು ಅವರದ್ದು."

"ಪಂಪಿಗೆ ಏನಾದ್ರೂ ಆದ್ರೆ?"

"ಕವಾಟ ಪೂರ್ತಿ ಮುಚ್ಚಬಾರದು. ಕೆಂಪು ಗುಂಡಿ ನನ್ನ ಕೈಗೆಟುಕೋ ಹಾಗಿರ್ಬೇಕು. ನಾನು ನಿಲ್ಲಿಸ್ತೀನಿ ಅಂದ್ರೆ ನಿಲ್ಲಿಸ್ದೆ ಅಂತಲೇ. ಆಮೇಲೆ ಯಾಕೆ ಅಂತ ಯಾರೂ ಕೇಳಬಾರದು."

ಮಾವ ನಕ್ಕ. ಬಿಳಿ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಅದೇ ಉದ್ದನೆಯ ಸ್ಕ್ರೂಡ್ರೈವರು. "ನಾನು ಕಲಿಸಿದ್ದನ್ನ ನನಗೇ ತೋರಿಸ್ತೀಯೇನೇ ಹುಡುಗಿ?" ಎಂದ, ಸ್ವಲ್ಪ ಜೋರಾಗಿಯೇ. ಈಚೆಗೆ ಅವನು ಎಲ್ಲವನ್ನೂ ಜೋರಾಗಿಯೇ ಹೇಳುತ್ತಿದ್ದ. ಈಗಿನ ಜನ ಬಾಯಲ್ಲಿ ಬೆಣ್ಣೆ ಇಟ್ಟುಕೊಂಡವರ ಹಾಗೆ ಗೊಣಗುತ್ತಾರೆ ಎಂಬುದು ಅವನ ದೂರು.

ಪಂಪು ಚಾಲೂ ಆಯಿತು. ಮಾವ ಸ್ಕ್ರೂಡ್ರೈವರನ್ನು ಬೇರಿಂಗಿಗೂ ಮೂಳೆಗೂ ಒತ್ತಿ ಕಣ್ಣು ಮುಚ್ಚಿದ. ಕಿವಿಯಕ್ಕ ಕಿವಿ ಮುಚ್ಚಿಕೊಂಡು ತನ್ನ ಸುತ್ತು ಶುರುಮಾಡಿದಳು. ಮುಳ್ಳು, ಮೀಟರು, ಪೈಪು, ಉಷ್ಣಮಾಪಕ, ಮತ್ತೆ ಮುಳ್ಳು. ಬಾಗಿಲಲ್ಲಿ ಬೆಂಕಿಯವನೂ ಅಚ್ಚೊತ್ತುವವರೂ ಕುತ್ತಿಗೆ ಚಾಚಿ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವಳ ಹಿಂಗೈ ಪೈಪಿನ ಮೇಲೆ ನಿಂತಿತು. ಉಷ್ಣಮಾಪಕ ನೋಡಿದಳು. ಕೈ ಎತ್ತಿದಳು.

"ನೀರು ಕಮ್ಮಿಯಾಗಿದೆ!"

ಮ್ಯಾನೇಜರ್ ಮಾವನ ಕಡೆ ತಿರುಗಿದ. ಮಾವ ಕಣ್ಣು ತೆರೆಯದೆ ತಲೆದೂಗುತ್ತಿದ್ದ. ಅನುಮಾನಕ್ಕೆ ಬಿದ್ದ ಮ್ಯಾನೇಜರ್ ಗೋಡೆಯಾಚೆ ಇಣುಕಿ ಫಿಟ್ಟರನಿಗೆ ಇನ್ನೊಂದಿಷ್ಟು ತಿರುಗಿಸೆಂದು ಸನ್ನೆ ಮಾಡಿದ. ಮುಳ್ಳು ನಡುಗತೊಡಗಿತು. ಬಾಗಿಲಲ್ಲಿದ್ದವರ ಮುಖಗಳು ಕಿವುಚಿಕೊಂಡವು, ಬೆಂಕಿಯವನು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡ. ಪಂಪು ಕಲ್ಲು ಅಗಿಯುತ್ತಿತ್ತು. ಅವಳಿಗೆ ಅದು ಕೇಳಿಸಲಿಲ್ಲ, ಅವರ ಮುಖಗಳಲ್ಲಿ ಕಾಣಿಸಿತು. ಮಾವನ ಮುಖ ಮಾತ್ರ ಶಾಂತವಾಗಿತ್ತು, ತುಟಿಯಲ್ಲಿ ಸಣ್ಣ ನಗು.

"ಹಾಡ್ತಿದೆ ನೋಡಿ ಹೇಗೆ," ಎಂದ ಮಾವ.

ಕಿವಿಯಕ್ಕ ಗಾಳಿಯ ಕವಾಟ ತೆರೆದಳು, ಕೆಂಪು ಗುಂಡಿ ಒತ್ತಿದಳು. ಸ್ಕ್ರೂಡ್ರೈವರಿನ ಅದುರು ನಿಂತಿದ್ದಕ್ಕೆ ಮಾವ ಕಣ್ಣು ತೆರೆದ. "ಯಾಕೆ ನಿಲ್ಲಿಸ್ದೆ? ಚೆನ್ನಾಗಿತ್ತಲ್ಲ!"

ಆ ಕ್ಷಣ ಅವಳು ಸುಮ್ಮನಿರಬಹುದಿತ್ತು. ಹೇಗೂ ಗೆದ್ದಾಗಿತ್ತು. ಸಾಕಿದವನ ಮಾನ ಕಾಯಲು ಒಂದು ಸುಳ್ಳು ಸಾಕಿತ್ತು, ಬಾಗಿಲಲ್ಲಿದ್ದವರೆಲ್ಲ ಆ ಸುಳ್ಳಿಗೆ ಕಾದು ನಿಂತಿದ್ದರು ಕೂಡ. ಆದರೆ ಯಾರ ಮೇಲೆಂದು ತಿಳಿಯದಿದ್ದ ಅವಳ ಸಿಟ್ಟಿಗೆ ಆಗ ದಾರಿ ಸಿಕ್ಕಿತು. ಅದು ಮಾವನ ಮೇಲೂ ಅಲ್ಲ, ಮ್ಯಾನೇಜರ್ ಮೇಲೂ ಅಲ್ಲ, ಎಲ್ಲರೂ ಸೇರಿ ಸುಮ್ಮನಿರುವ ಈ ಒಳ್ಳೆಯತನದ ಮೇಲೆ.

"ಮಾವ, ಅದು ಕಲ್ಲು ಅಗೀತಿತ್ತು. ನನಗೂ ಕೇಳಿಸ್ಲಿಲ್ಲ, ನಿಮಗೂ ಕೇಳಿಸ್ಲಿಲ್ಲ." ಮಾವನಿಗೆ ಮುಟ್ಟಲೆಂದು ಕೂಗಿಯೇ ಹೇಳಿದಳು. ಮ್ಯಾನೇಜರ್ ಕಡೆ ತಿರುಗಿದಳು. "ಇವರ ಎರಡೂ ಕಿವಿ ಈ ಕೋಣೆ ತಿಂದಿದೆ ಸಾರ್. ನನ್ನದು ಅರ್ಧ ತಿಂದಿದೆ. ಸದ್ದು ಕೇಳೋದೇ ದೊಡ್ಡಸ್ತಿಕೆ ಅಂತ ನಾವೇ ತಿನ್ನಿಸಿದ್ವಿ. ಇನ್ನು ಸಾಕು. ಪಂಪು ಗೆದ್ದಿದೀನಿ, ನಡೆಸ್ತೀನಿ. ಆದ್ರೆ ಇನ್ಮೇಲೆ ಈ ಹೊಸ್ತಿಲು ದಾಟೋರು ಕಿವಿ ಮುಚ್ಕೊಂಡೇ ದಾಟ್ಬೇಕು. ಬೆಂಕಿಯವನಾಗ್ಲಿ, ಫಿಟ್ಟರ್ ಆಗ್ಲಿ, ನೀವಾಗ್ಲಿ. ಬರಿಗಿವಿಲಿ ಬಂದ್ರೆ ಪಂಪು ನಿಲ್ಲಿಸ್ತೀನಿ."

"ಪ್ರತಿ ಸಲಾನಾ?"

"ಪ್ರತಿ ಸಲ."

ಮ್ಯಾನೇಜರ್ ಹೂಂ ಎಂದ. ಮಾವ ಸ್ಕ್ರೂಡ್ರೈವರನ್ನು ಸ್ಟೂಲಿನ ಮೇಲಿಟ್ಟು, ಗುಂಪಿನ ನಡುವೆ ದಾರಿ ಮಾಡಿಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಅಂದು ಸಂಜೆಯೇ ಅತ್ತೆ, ಅಂದರೆ ಮಾವನ ಹೆಂಡತಿ, ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಬಾಯಿ ಬಿಟ್ಟಳು. "ಸಾಕಿ ಸಲಹಿದ್ದಕ್ಕೆ ಒಳ್ಳೇ ಮರ್ಯಾದೆ ಮಾಡಿದೆ ಕಣೆ! ನಾಲ್ಕು ಜನದ ಮುಂದೆ ಕಿವುಡ ಅಂದ್ಯಂತಲ್ಲ!"

"ಅಂದೆ."

"ನಾಳೆ ಬಂದು ತಪ್ಪಾಯ್ತು ಅನ್ನು."

"ಅನ್ನಲ್ಲ. ನಿಮಗೆ ಗೊತ್ತಿರ್ಲಿಲ್ವಾ ಅತ್ತೆ, ಅವರಿಗೆ ಕೇಳಿಸಲ್ಲ ಅಂತ?"

ಅತ್ತೆ ಹೊಲಿಗೆ ಮಿಷನ್ನಿನ ಪಕ್ಕದ ಕುರ್ಚಿಯಲ್ಲಿ ಕುಸಿದಳು. ಮಗಳು ನೀರು ತಂದುಕೊಟ್ಟಳು. "ಬಾಗಿಲು ಬಡಿದ್ರೆ ಕೇಳಿಸಲ್ಲ ಅಂತ ಎಲ್ಲಿಗೆ ಹೋದ್ರೂ ನಾನೇ ಕೀಲಿ ಇಟ್ಕೊಂಡು ಹೋಗ್ತೀನಿ," ಎಂದಳು ಅತ್ತೆ, ಲೋಟ ಕೆಳಗಿಟ್ಟು. "ಯಾಕೆ ಅಂತ ಅವರು ಕೇಳಿಲ್ಲ, ನಾನು ಹೇಳಿಲ್ಲ." ಕಿವಿಯಕ್ಕನ ಕಣ್ಣು ತುಂಬಿ ಬಂತು. ಮಾವನೆಂದರೆ ಅವಳಿಗೆ ಪ್ರಾಣ. ಆದರೂ ತಪ್ಪಾಯ್ತು ಎಂದು ಹೋಗಲಿಲ್ಲ.

ಮಾತು ನಿಂತುಹೋಯಿತು. ಬೀದಿಯಲ್ಲಿ ಎದುರಾದರೆ ಮಾವ ಪಕ್ಕಕ್ಕೆ ತಿರುಗಿಬಿಡುತ್ತಿದ್ದ. ಪಂಪು ಮನೆಯಲ್ಲಿ ಹೊಸ ಕಾಯಿದೆ ನಡೆಯಿತು. ಮೊದಲ ವಾರ ಬೆಂಕಿಯವನು ಪರೀಕ್ಷೆ ಮಾಡಲೆಂದೇ ಬರಿಗಿವಿಯಲ್ಲಿ ಕಾಲಿಟ್ಟ, ಪಂಪು ನಿಂತಿತು, ಅಚ್ಚೊತ್ತುವವರೆಲ್ಲ ಸೇರಿ ಅವನಿಗೆ ಮಂಗಳಾರತಿ ಎತ್ತಿದರು. ಮ್ಯಾನೇಜರ್ ಮರೆತು ಬಂದಾಗಲೂ ನಿಂತಿತು. ಆಮೇಲೆ ಯಾರೂ ಮರೆಯಲಿಲ್ಲ.

ಒಂದು ಬೆಳಿಗ್ಗೆ ಅವಳು ಬೇರಿಂಗಿನ ಬಿಸಿ ನೋಡುತ್ತಿದ್ದಾಗ ಬಾಗಿಲಲ್ಲಿ ನೆರಳಾಯಿತು. ಮಾವ. ತನ್ನ ಮನೆಗೆ ತಾನು ಬರುವವನ ಹಾಗೆ ನೇರ ಒಳಗೆ ಬಂದ, ಬರಿಗಿವಿಯಲ್ಲಿ, ಪಂಪಿನ ಕಡೆಗೆ. ಎಷ್ಟು ದಿನಗಳಿಂದ ಅವಳು ಕಾಯುತ್ತಿದ್ದ ಮುಖ. ಕಾಲು ಮುಟ್ಟಬೇಕೆನಿಸಿತು, ಕೈ ಹಿಡಿದು ಕೂರಿಸಬೇಕೆನಿಸಿತು. ಅವಳು ಹೀರುವ ಪೈಪಿನ ಕವಾಟ ಮುಚ್ಚಿ ಕೆಂಪು ಗುಂಡಿ ಒತ್ತಿದಳು.

ನೆಲದ ಅದುರು ನಿಂತ ಮೇಲೆ ಮಾವ ಗಕ್ಕನೆ ನಿಂತ. ಆಚೆ ಅಚ್ಚಿನ ಕಡೆಯಿಂದ ಯಾರೋ ಕೂಗಿದರು. ಅವಳು ಮೊಳೆಯ ಮೇಲಿಂದ ಇನ್ನೊಂದು ಕಿವಿಮುಚ್ಚಳ ತೆಗೆದು ಅವನ ಮುಂದೆ ಹಿಡಿದಳು.

ಮಾವ ಅದನ್ನು ನೋಡಿದ. ಅವಳನ್ನು ನೋಡಿದ. "ಇನ್ನೇನು ಉಳಿದಿದೆ ಅಂತ ಮುಚ್ಕೊಳ್ಲೇ?" ಎಂದ. ಅವನು ಆ ಮಾತು ಆಡಿದ್ದು ಅದೇ ಮೊದಲು.

"ಎಷ್ಟು ಉಳಿದಿದೆಯೋ ಅಷ್ಟನ್ನ," ಎಂದಳು, ತುಟಿ ಕಾಣುವಂತೆ ನಿಧಾನವಾಗಿ.

ಆಚೆಯವರು ಮತ್ತೆ ಕೂಗಿದರು. ಕಾರ್ಖಾನೆ ಕಾದಿತ್ತು, ಕಾಯಲಿ. ಮಾವ ಮುಚ್ಚಳ ತಲೆಗೇರಿಸಿಕೊಂಡ, ಪಟ್ಟಿ ಸರಿಯಾಗಿ ಕೂರಲಿಲ್ಲ. ಅವಳು ಮುಂದೆ ಬಂದು, ಬಿಳಿ ಕೂದಲನ್ನು ಹಿಂದಕ್ಕೆ ಸರಿಸಿ, ಎರಡೂ ಕಿವಿಗಳನ್ನು ಚೆನ್ನಾಗಿ ಮುಚ್ಚಿದಳು. ಆಮೇಲೆ ನೀರು ಬರುತ್ತಿದೆಯೇ ನೋಡಿಕೊಂಡು ಪಂಪು ಚಾಲೂ ಮಾಡಿ, ಮಾವನ ಹಿಂಗೈಯನ್ನು ಹಿಡಿದು ತಣ್ಣನೆಯ ಪೈಪಿನ ಮೇಲಿಟ್ಟಳು.